ಬ್ಲೂಟೂತ್ ಓಬಿಡಿ ಸ್ಕ್ಯಾನರ್: ಮೂರು ವರ್ಷ ಬಳಸಿದ ಮೇಲೆ

ಕಾರಿನ ಕಂಪ್ಯೂಟರ್ ಕೊಡುವ ರೀಡಿಂಗ್‌ಗಳನ್ನೂ ದೋಷದ ಕೋಡ್‌ಗಳನ್ನೂ ಫೋನಿನಲ್ಲಿ ತೋರಿಸುವ ಈ ಸ್ಕ್ಯಾನರ್ ಕೊಳ್ಳುವುದಾದರೆ ಕಾರು ಚೆನ್ನಾಗಿರುವಾಗಲೇ ಕೊಳ್ಳಿ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ನನ್ನದು ಇಎಲ್‌ಎಂ327 ಅಂತ ಬರೆದಿರುವ ಅಗ್ಗದ ನೀಲಿ ಡಬ್ಬಿ. ಸ್ಟೀರಿಂಗ್ ಕೆಳಗೆ 16 ಪಿನ್ನಿನ ಸಾಕೆಟ್ ಇರುತ್ತದಲ್ಲ, ಅಲ್ಲಿಗೆ ಸಿಕ್ಕಿಸಿ, ಆಂಡ್ರಾಯ್ಡ್ ಫೋನಿಗೆ ಪೇರ್ ಮಾಡಿ, ಒಂದು ಆ್ಯಪ್ ಹಾಕಿಕೊಂಡರೆ ಆಯಿತು. ಕೊಂಡ ವಾರ ಸುಮ್ನೆ ಕುತೂಹಲಕ್ಕೆ ಬಿಸಿ ಎಂಜಿನ್ನಿನ ರೀಡಿಂಗ್‌ಗಳ ಸ್ಕ್ರೀನ್‌ಶಾಟ್ ತೆಗೆದಿಟ್ಟಿದ್ದೆ. ಐಡಲ್ (ಪೆಡಲ್ ಒತ್ತದಿರುವಾಗಿನ ಎಂಜಿನ್ ವೇಗ) 800 ಆರ್‌ಪಿಎಂ ಹತ್ತಿರ, ಮ್ಯಾನಿಫೋಲ್ಡ್ (ಎಂಜಿನ್ನಿಗೆ ಗಾಳಿ ಹಂಚುವ ಕೊಳವೆ) ಒತ್ತಡ 32 ಕಿಲೋಪ್ಯಾಸ್ಕಲ್.

ಕಳೆದ ಬೇಸಿಗೆಯಲ್ಲಿ ಐಡಲ್ ಏರಿತು. ಎಂಜಿನ್ ಬಿಸಿಯಾದರೂ 1300ರಿಂದ ಕೆಳಗೆ ಇಳಿಯುತ್ತಿರಲಿಲ್ಲ. ಟ್ರಾಫಿಕ್‌ನಲ್ಲಿ ಕ್ಲಚ್ ಬಿಟ್ಟರೆ ಕಾರು ತಾನಾಗಿ ಮುಂದೆ ನುಗ್ಗುತ್ತಿತ್ತು. ಚೆಕ್ ಎಂಜಿನ್ ಲೈಟ್ ಇಲ್ಲ. ಸರ್ವಿಸ್ ಸೆಂಟರ್‌ನವರು ಬಾನೆಟ್ ಎತ್ತಿ ನೋಡಿ, ಥ್ರಾಟಲ್ ಬಾಡಿ (ಎಂಜಿನ್ನಿಗೆ ಹೋಗುವ ಗಾಳಿಯನ್ನು ನಿಯಂತ್ರಿಸುವ ಭಾಗ) ಬದಲಾಯಿಸಬೇಕು ಅಂದುಬಿಟ್ಟರು. ಬೆಲೆ ಕೇಳಿ ವಾಪಸ್ ಬಂದೆ.

ಸ್ಕ್ಯಾನರ್ ಹಾಕಿದರೆ ಕೋಡ್ ಒಂದೂ ಇಲ್ಲ. ಐಡಲ್ ಜಾಸ್ತಿಯಾದರೆ ಪಿ0507 ಬರಬೇಕು, ಅದೂ ಇಲ್ಲ. ಇಲ್ಲಿಗೇ ಬಿಟ್ಟವರು ಈ ಡಬ್ಬಿ ದಂಡ ಅಂತ ಬೈಯುತ್ತಾರೆ. ಇದರ ನಿಜವಾದ ಉಪಯೋಗ ಲೈವ್ ಡೇಟಾದಲ್ಲಿ, ಅಂದರೆ ಎಂಜಿನ್ ಓಡುವಾಗಲೇ ಕಾಣುವ ರೀಡಿಂಗ್‌ಗಳಲ್ಲಿದೆ.

ಮೊದಲು ನೋಡಿದ್ದು ಕೂಲೆಂಟ್ ಉಷ್ಣಾಂಶ. ಆ ಸೆನ್ಸರ್ ತಂತಿ ಕಡಿದುಹೋದರೆ ಸಾಮಾನ್ಯವಾಗಿ ಮೈನಸ್ 40 ತೋರಿಸುತ್ತದೆ. ಆಗ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಎಂಜಿನ್ ಇನ್ನೂ ತಣ್ಣಗಿದೆ ಅಂದುಕೊಂಡು ಐಡಲ್ ಏರಿಸಬಹುದು. ನನ್ನದು ಬೆಳಗ್ಗೆ 27, ಸ್ವಲ್ಪ ಓಡಿಸಿದ ಮೇಲೆ 90. ಸೆನ್ಸರ್ ಸರಿ, ಥರ್ಮೋಸ್ಟಾಟ್ ಕೂಡ ಸರಿ. ಪೆಡಲ್ ಬಿಟ್ಟರೆ ಥ್ರಾಟಲ್ ಹಳೆಯ ಅಂಕಿಗೇ ಮರಳುತ್ತಿತ್ತು, ಅಂದರೆ ಕೇಬಲ್ ಸಿಕ್ಕಿಕೊಂಡಿಲ್ಲ.

ಉಳಿದದ್ದು ಗಾಳಿ ಸೋರಿಕೆ, ಅಂದರೆ ಥ್ರಾಟಲ್ ದಾಟದೆ ಬೇರೆ ಕಡೆಯಿಂದ ಎಂಜಿನ್ನಿಗೆ ಗಾಳಿ ನುಗ್ಗುವುದು. ಯೂಟ್ಯೂಬ್‌ನಲ್ಲಿ ನೋಡಿದರೆ, ಸೋರಿಕೆ ಇದ್ದರೆ ಫ್ಯೂಯಲ್ ಟ್ರಿಮ್ (ಇಸಿಯು ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚುಕಡಿಮೆ ಮಾಡುತ್ತಿದೆ ಅನ್ನುವ ಅಂಕಿ) ಪ್ಲಸ್ 10 ದಾಟುತ್ತದೆ ಅನ್ನುತ್ತಾರೆ. ನನ್ನ ಕಾರಿನಲ್ಲಿ ಅದು ಸೊನ್ನೆಯ ಆಸುಪಾಸು. ಆ ಮಾತು ಗಾಳಿಯ ಹರಿವನ್ನೇ ಅಳೆಯುವ ಎಂಎಎಫ್ ಸೆನ್ಸರ್ ಇರುವ ಕಾರುಗಳಿಗೆ ಸರಿ. ನಮ್ಮ ಕಡೆಯ ಎಷ್ಟೋ ಚಿಕ್ಕ ಪೆಟ್ರೋಲ್ ಕಾರುಗಳಲ್ಲಿ ಇರುವುದು ಮ್ಯಾನಿಫೋಲ್ಡ್ ಒತ್ತಡ ಅಳೆಯುವ ಎಂಎಪಿ. ಸೋರಿ ಒಳಗೆ ಬಂದ ಗಾಳಿಯೂ ಒತ್ತಡದ ಲೆಕ್ಕಕ್ಕೆ ಸಿಗುತ್ತದೆ, ಅದಕ್ಕೆ ತಕ್ಕಷ್ಟು ಪೆಟ್ರೋಲೂ ಸಿಗುತ್ತದೆ. ಸಾಮಾನ್ಯವಾಗಿ ಟ್ರಿಮ್ ಅಷ್ಟಾಗಿ ಕೆಡುವುದಿಲ್ಲ, ಐಡಲ್ ಮಾತ್ರ ಏರುತ್ತದೆ. ಹಳೆಯ ಸ್ಕ್ರೀನ್‌ಶಾಟ್ ತೆಗೆದು ನೋಡಿದೆ. ಆಗ 32 ಇದ್ದ ಒತ್ತಡ ಈಗ 41. ಇಗ್ನಿಷನ್ ಟೈಮಿಂಗ್ (ಸ್ಪಾರ್ಕ್ ಹೊತ್ತುವ ಸಮಯ) ಕೂಡ ಹಿಂದಕ್ಕೆ ಸರಿದಿತ್ತು. ಪಾಪ, ಇಸಿಯು ಐಡಲ್ ಇಳಿಸಲು ಹೆಣಗಾಡುತ್ತಿತ್ತು.

ಫೋನ್ ಹಿಡಿದು ನಮ್ಮ ಓಣಿಯ ಮೆಕ್ಯಾನಿಕ್ ಹತ್ತಿರ ಹೋದೆ. ಎಂಜಿನ್ ಚಾಲೂ ಇಟ್ಟು ಒಂದೊಂದೇ ರಬ್ಬರ್ ಪೈಪನ್ನು ಬಟ್ಟೆ ಸುತ್ತಿದ ಪ್ಲೈಯರ್‌ನಲ್ಲಿ ಅಮುಕಿದರು. ಬ್ರೇಕ್ ಬೂಸ್ಟರ್ ಪೈಪ್, ಏನೂ ಬದಲಾಗಲಿಲ್ಲ. ಪಿಸಿವಿ ಪೈಪನ್ನು (ಎಂಜಿನ್ ಒಳಗಿನ ಆವಿಯನ್ನು ಮ್ಯಾನಿಫೋಲ್ಡಿಗೆ ಒಯ್ಯುವುದು) ಮ್ಯಾನಿಫೋಲ್ಡ್ ಪಕ್ಕದಲ್ಲೇ ಅಮುಕಿದ ಕೂಡಲೇ 1300ರಿಂದ 850ಕ್ಕೆ ಇಳಿಯಿತು. "ಇಲ್ಲೇ ಸಾರ್, ಗಾಳಿ ಎಳೀತಿರೋದು" ಅಂದರು. ಪೈಪಿನ ಬಾಗಿದ ಜಾಗ ಅಡಿಯಲ್ಲಿ ಬಿರಿದಿತ್ತು, ಮೇಲಿಂದ ಕಾಣುವಂತಿರಲಿಲ್ಲ. ಹೊಸ ಪೈಪಿಗೆ ಮುನ್ನೂರು ರೂಪಾಯಿಯೂ ಆಗಲಿಲ್ಲ.

ಕಿರಿಕಿರಿಗಳೂ ಇವೆ. ಸಾಕೆಟ್‌ನಲ್ಲಿ ಸದಾ ಕರೆಂಟ್ ಇರುತ್ತದೆ. ಡಬ್ಬಿಯನ್ನು ಅಲ್ಲೇ ಬಿಟ್ಟು ಊರಿಗೆ ಹೋದರೆ ಬ್ಯಾಟರಿ ಇಳಿದೀತು. ಐಡಲ್ ವಾಲ್ವ್ ಎಷ್ಟು ತೆರೆದಿದೆ ಅನ್ನುವುದು ನನ್ನ ಆ್ಯಪ್‌ನಲ್ಲಿ ಕಾಣಿಸುವುದಿಲ್ಲ, ಅದಕ್ಕೆ ಗ್ಯಾರೇಜಿನ ದುಬಾರಿ ಸ್ಕ್ಯಾನರೇ ಬೇಕು. ಹೆಚ್ಚು ರೀಡಿಂಗ್ ಒಟ್ಟಿಗೆ ಕೇಳಿದರೆ ತೆವಳುತ್ತದೆ. ಹಳೆಯ ಬ್ಲೂಟೂತ್ ಮಾದರಿ ಐಫೋನಿಗೆ ಆಗುವುದಿಲ್ಲ, ವೈಫೈ ಅಥವಾ ಬಿಎಲ್‌ಇ (ಕಡಿಮೆ ವಿದ್ಯುತ್ ಬಳಸುವ ಹೊಸ ಬಗೆಯ ಬ್ಲೂಟೂತ್) ಇರುವುದನ್ನು ನೋಡಿ. ನಮ್ಮಲ್ಲಿ ಬಿಎಸ್4 ಕಾರುಗಳಿಗೆ ಓಬಿಡಿ-2 ಕಡ್ಡಾಯವಾದದ್ದು 2013ರ ಏಪ್ರಿಲ್‌ನಿಂದ. ನಿಮ್ಮದು ಅದಕ್ಕಿಂತ ಹಳೆಯದಾದರೆ ಸ್ನೇಹಿತರದ್ದೊಂದು ತಂದು ಹಾಕಿ ನೋಡಿ, ಕನೆಕ್ಟ್ ಆದರೆ ಮಾತ್ರ ಕೊಳ್ಳಿ.

ಐದಕ್ಕೆ ನಾಲ್ಕು.