ಹಳೆ ಜೀಪು ಎತ್ತರಿಸಲು ಉದ್ದ ಶ್ಯಾಕಲ್ಲೋ, ಇನ್ನೊಂದು ಲೀಫೋ?

ಕಾಸರಗೋಡಿನ ಪಾಣತ್ತೂರು, ರಾಣಿಪುರಂ ಕಡೆಯ ಕಲ್ಲುದಾರಿಗೆ ಲೀಫ್ ಸ್ಪ್ರಿಂಗ್ (ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳು, ಒಂದೊಂದು ಪಟ್ಟಿಯೂ ಒಂದು ಲೀಫ್) ಇರುವ ಜೀಪು ಎತ್ತರಿಸಬೇಕು, ಕೈಯಲ್ಲಿ ದುಡ್ಡು ಕಡಿಮೆ ಅಲ್ವಾ? ಎಲ್ಲಕ್ಕಿಂತ ಅಗ್ಗ ಉದ್ದ ಶ್ಯಾಕಲ್, ಅಂದರೆ ಸ್ಪ್ರಿಂಗಿನ ತುದಿಯನ್ನು ಚಾಸಿಗೆ ಜೋಡಿಸುವ ಕೊಂಡಿ. ಆದರೆ 2 ಇಂಚು ಉದ್ದ ಮಾಡಿದರೂ ಜೀಪು ಏಳುವುದು ಸುಮಾರು 1 ಇಂಚು ಮಾತ್ರ. ಮುಂದಿನ ಸ್ಪ್ರಿಂಗಿಗೆ ಹಾಕಿದರೆ ಆಕ್ಸಲ್ ಕೋನ ತಿರುಗಿ ಸ್ಟೀರಿಂಗ್ ಹಿಡಿತ ಕೆಡಬಹುದು.

ಇನ್ನೊಂದು ಲೀಫ್ ಸೇರಿಸಲು ಖರ್ಚು ಸ್ವಲ್ಪ ಜಾಸ್ತಿ. ಅಡಿಕೆ, ರಬ್ಬರ್ ಶೀಟ್ ಹೊರುವವರಿಗೆ ನನ್ನ ಓಟು ಇದಕ್ಕೇ. ಖಾಲಿ ಜೀಪಿನಲ್ಲಿ ಮಾತ್ರ ಸೊಂಟಕ್ಕೆ ಕಷ್ಟ.

ಹೊಸ ಸ್ಪ್ರಿಂಗ್ ಸೆಟ್ಟು, ಉದ್ದ ಶಾಕ್ ಅಬ್ಸಾರ್ಬರ್ ಚೆನ್ನ, ಆದರೆ ದುಬಾರಿ.

ಯಾವುದೇ ಆಗಲಿ, ಬ್ರೇಕ್ ಹೋಸ್ ಬಿಗಿಯುತ್ತದೆಯೇ ನೋಡಿ. ವಾಹನದಲ್ಲಿ ಬದಲಾವಣೆ ಮಾಡುವುದರ ಬಗ್ಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಬೇರೆ ಇದೆ. ಸುಮ್ನೆ ದಂಡ ಯಾಕೆ, ಆರ್‌ಟಿಒದಲ್ಲಿ ಮೊದಲೇ ಕೇಳಿ.