ಗೂಗಲ್ ಒನ್ 100 ಜಿಬಿ: ತಗೊಳ್ಳಿ, ಆದರೆ ಅದೊಂದನ್ನೇ ನಂಬಿ ಕೂರಬೇಡಿ

ನಮ್ಮ ಮನೆಯಲ್ಲಿ ಯಾರ ಫೋನ್ ತುಂಬಿದರೂ ಅದು ನನ್ನ ಕೈಗೇ ಬರುತ್ತದೆ. ಅಮ್ಮನದ್ದು, ಅಪ್ಪನದ್ದು, ಚಿಕ್ಕಮ್ಮನದ್ದು, ಕೆಲವೊಮ್ಮೆ ಪಕ್ಕದ ಮನೆಯವರದ್ದೂ. ಅದಕ್ಕೇ ಗೂಗಲ್ ಒನ್, ಅಂದರೆ ಫೋಟೋ, ಫೈಲು ಇಂಟರ್ನೆಟ್‌ನಲ್ಲಿ ಇಡೋಕೆ ಗೂಗಲ್ ದುಡ್ಡಿಗೆ ಕೊಡುವ ಜಾಗ, ಅದರ 100 ಜಿಬಿ ಪ್ಲಾನ್ ತಗೊಂಡು ಎಲ್ಲರಿಗೂ ಹಂಚಿಟ್ಟಿದ್ದೇನೆ. ತಿಂಗಳಿಗೆ 130 ರೂಪಾಯಿ, ವರ್ಷಕ್ಕೆ ಒಟ್ಟಿಗೆ ಕಟ್ಟಿದರೆ 1,300. ಕೊಟ್ಟ ದುಡ್ಡಿಗೆ ಮೋಸವಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಇದನ್ನು ತಗೊಂಡ ಮೇಲೆ ‘ಇನ್ನೇನು, ನಮ್ಮ ಫೋಟೋ ಎಲ್ಲಾ ಸೇಫು’ ಅಂತ ನಿಶ್ಚಿಂತೆಯಿಂದ ಕೂರುವವರೇ ಜಾಸ್ತಿ. ಈ ರಿವ್ಯೂ ಬರೆಯುತ್ತಿರುವುದು ಮುಖ್ಯವಾಗಿ ಅವರಿಗೆ.

ದುಡ್ಡು ಯಾಕೆ ಕೊಡಬೇಕು ಅನ್ನುವವರಿಗೆ ಒಂದು ಮಾತು. ಗೂಗಲ್ ಪುಕ್ಕಟೆ ಕೊಡುವುದು 15 ಜಿಬಿ. ಅದನ್ನು ಜಿಮೇಲ್, ಡ್ರೈವ್, ಫೋಟೋಸ್ ಮೂರೂ ಹಂಚಿಕೊಳ್ಳಬೇಕು. ಮೊದಲು ಹೀಗಿರಲಿಲ್ಲ, ಫೋಟೋದ ಗಾತ್ರ ಸ್ವಲ್ಪ ತಗ್ಗಿಸೋಕೆ ಒಪ್ಪಿದರೆ ಎಷ್ಟು ಬೇಕಾದರೂ ಹಾಕಬಹುದಿತ್ತು. 2021ರ ಜೂನ್ 1ಕ್ಕೆ ಆ ಭಾಗ್ಯ ಮುಗಿಯಿತು. ಅದಕ್ಕೆ ಮುಂಚೆ ಹಾಗೆ ಹಾಕಿದ್ದು ಈಗಲೂ ಲೆಕ್ಕಕ್ಕಿಲ್ಲ, ಆಮೇಲಿನದ್ದೆಲ್ಲ ಲೆಕ್ಕಕ್ಕೆ ಬರುತ್ತದೆ. ಆಂಡ್ರಾಯ್ಡ್ ಫೋನಿನ ವಾಟ್ಸಾಪ್ ಬ್ಯಾಕಪ್ ಕೂಡ 2024ರಿಂದ ಇದೇ ಜಾಗಕ್ಕೆ ಬಂದು ಕೂತಿದೆ. ಫ್ಯಾಮಿಲಿ ಗ್ರೂಪಿನ ವಿಡಿಯೋಗಳೇ ಸಾಕು 15 ಜಿಬಿ ತುಂಬೋಕೆ. ತುಂಬಿದರೆ ಫೋಟೋ ಮೇಲೆ, ಅಂದರೆ ಗೂಗಲ್‌ನ ಕ್ಲೌಡ್‌ಗೆ, ಹೋಗುವುದು ನಿಲ್ಲುತ್ತದೆ ಅಷ್ಟೇ ತಾನೆ ಅಂದುಕೊಳ್ಳಬೇಡಿ. ಜಿಮೇಲ್‌ಗೆ ಮೇಲ್ ಬರುವುದೂ ನಿಲ್ಲುತ್ತದೆ. ಬ್ಯಾಂಕಿನದ್ದಿರಲಿ, ಮಗನ ಕಾಲೇಜಿನದ್ದಿರಲಿ, ಕಳಿಸಿದವರಿಗೇ ವಾಪಸ್.

ಈ ಪ್ಲಾನನ್ನು ನೀವಲ್ಲದೆ ಇನ್ನೂ ಐದು ಜನ ಬಳಸಬಹುದು. ಮೊದಲು ಅವರವರ 15 ಜಿಬಿ ಖರ್ಚಾಗುತ್ತದೆ, ಆಮೇಲೆ ಎಲ್ಲರಿಗೂ ಸೇರಿದ 100 ಜಿಬಿ. ಅತ್ತೆ ಸೊಸೆ ಒಂದೇ ಪ್ಲಾನಲ್ಲಿದ್ದರೂ ಒಬ್ಬರ ಫೋಟೋ ಇನ್ನೊಬ್ಬರಿಗೆ ಕಾಣುವುದಿಲ್ಲ, ಆ ಭಯ ಬೇಡ. ಯಾರು ಎಷ್ಟು ಜಾಗ ತಿಂದಿದ್ದಾರೆ ಅನ್ನುವುದು ಮಾತ್ರ ಪ್ಲಾನ್ ತಗೊಂಡವರಿಗೆ ಗೊತ್ತಾಗುತ್ತದೆ. ನಮ್ಮನೆಯಲ್ಲಿ ಚಿಕ್ಕಮ್ಮ ಎಲ್ಲರಿಗಿಂತ ಮುಂದೆ. ಭಜನೆ ವಿಡಿಯೋಗಳು.

ಗೂಗಲ್ ಫೋಟೋಸ್ ಆ್ಯಪ್‌ನಲ್ಲಿ ಬ್ಯಾಕಪ್ ಆನ್ ಮಾಡಿದ ತಕ್ಷಣ ಫೋನಿನಲ್ಲಿರುವುದೆಲ್ಲ ಮೇಲೆ ಹೋಗುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹೋಗುವುದಿಲ್ಲ. ತಾನಾಗಿ ಹೋಗುವುದು ಕ್ಯಾಮೆರಾ ಫೋಲ್ಡರ್ ಮಾತ್ರ. ವಾಟ್ಸಾಪ್‌ನಲ್ಲಿ ಬಂದ ಫೋಟೋಗಳು ಬೇರೆ ಫೋಲ್ಡರಲ್ಲಿ ಇರುತ್ತವೆ, ಅದನ್ನು ನೀವೇ ಸೆಟ್ಟಿಂಗ್‌ನಲ್ಲಿ ಹೋಗಿ ಆನ್ ಮಾಡಬೇಕು. ಅಮ್ಮನ ಫೋನಲ್ಲಿ ಆ ಫೋಲ್ಡರ್ ತೆಗೆದು ನೋಡಿದರೆ ಸಾಲುಸಾಲು ಶುಭೋದಯ, ಗುಲಾಬಿ ಹೂವು, ಏಕಾದಶಿ ಶುಭಾಶಯ, ಮಧ್ಯದಲ್ಲಿ ಊರಿನ ಗದ್ದೆಯ ಪಹಣಿ, ಮತ್ತೆ ಗುಲಾಬಿ, ಆಮೇಲೆ ಅಜ್ಜಿಯ ಆಸ್ಪತ್ರೆ ಚೀಟಿ, ಮತ್ತೊಂದು ಶುಭೋದಯ, ಅದರ ಕೆಳಗೆ ಮೊಮ್ಮಗಳ ನಾಮಕರಣ. ಪಹಣಿ ಆದರೆ ಭೂಮಿ ವೆಬ್‌ಸೈಟಲ್ಲಿ ಮತ್ತೆ ತೆಗೆಸಬಹುದು. ನಾಮಕರಣದ ಫೋಟೋ ಎಲ್ಲಿಂದ ತರುತ್ತೀರಿ? ಕ್ಯಾಮೆರಾದಲ್ಲಿ ತೆಗೆದದ್ದಕ್ಕಿಂತ ಬೇರೆಯವರು ಕಳಿಸಿದ್ದೇ ಜಾಸ್ತಿ ಇರುವ ಮನೆಗಳಲ್ಲಿ ಈ ಫೋಲ್ಡರ್ ಆನ್ ಮಾಡಲೇಬೇಕು. ಮೊದಲು ಒಂದು ಸಂಜೆ ಕೂತು ಗುಲಾಬಿಗಳನ್ನು ಅಳಿಸಿ, ಆಮೇಲೆ ಆನ್ ಮಾಡಿ.

ಇನ್ನೊಂದು, ಇದು ಸುಮ್ನೆ ಬಿಟ್ಟರೆ ವೈಫೈಗೆ ಕಾಯುತ್ತದೆ. ಊರಲ್ಲಿ ವೈಫೈ ಇಲ್ಲದ ಮನೆಗಳಲ್ಲಿ ಬ್ಯಾಕಪ್ ಆನ್ ಇರುತ್ತದೆ, ಆದರೆ ಒಂದು ಫೋಟೋನೂ ಹೋಗಿರುವುದಿಲ್ಲ. ಮೊಬೈಲ್ ಡೇಟಾದಲ್ಲಿ ಹೋಗಲಿ ಅಂತ ಬೇರೆಯಾಗಿ ಹೇಳಬೇಕು, ದಿನಕ್ಕೆ ಇಷ್ಟೇ ಅಂತ ಮಿತಿ ಹಾಕೋಕೂ ಅವಕಾಶ ಇದೆ. ಆ್ಯಪ್‌ನಲ್ಲಿ ಮೇಲೆ ಬಲಗಡೆ ನಿಮ್ಮ ಫೋಟೋ ಇರುವ ಜಾಗ ಮುಟ್ಟಿದರೆ ಬ್ಯಾಕಪ್ ಮುಗಿದಿದೆಯೋ ಇನ್ನೂ ಎಷ್ಟು ಬಾಕಿ ಇದೆಯೋ ಅಂತ ತೋರಿಸುತ್ತದೆ. ನೋಡೋಕೆ ಎರಡು ಸೆಕೆಂಡು ಸಾಕು, ಆದರೆ ಯಾರೂ ನೋಡುವುದಿಲ್ಲ. ಕ್ವಾಲಿಟಿ ವಿಷಯಕ್ಕೆ ಬಂದರೆ, ಜಾಗ ಉಳಿಸುವ ‘ಸ್ಟೋರೇಜ್ ಸೇವರ್’ ಆಯ್ಕೆ ಇಟ್ಟರೆ ಫೋಟೋ 16 ಮೆಗಾಪಿಕ್ಸೆಲ್ ದಾಟುವುದಿಲ್ಲ, ವಿಡಿಯೋ 1080ಪಿ ದಾಟುವುದಿಲ್ಲ. ಮನೆಮಂದಿಗೆ ಅಷ್ಟು ಧಾರಾಳ ಸಾಕು.

ಈಗ ನನ್ನ ಮುಖ್ಯ ತಕರಾರು. ಗೂಗಲ್ ಫೋಟೋಸ್‌ನಲ್ಲಿ ‘ಫ್ರೀ ಅಪ್ ಸ್ಪೇಸ್’ ಅಂತ ಒಂದು ಬಟನ್ ಇದೆ. ಮೇಲೆ ಹೋಗಿ ಸೇರಿದ ಫೋಟೋಗಳನ್ನು ಫೋನಿನಿಂದ ಅಳಿಸಿ ಜಾಗ ಮಾಡಿಕೊಡುತ್ತದೆ. ಒತ್ತಿದ ತಕ್ಷಣ ಹತ್ತಾರು ಜಿಬಿ ಖಾಲಿ, ಎಲ್ಲರಿಗೂ ಖುಷಿ. ಆದರೆ ಒಂದು ನಿಮಿಷ ಯೋಚಿಸಿ. ಒತ್ತುವ ಮೊದಲು ಫೋಟೋ ಫೋನಲ್ಲೂ ಇತ್ತು, ಗೂಗಲ್‌ನಲ್ಲೂ ಇತ್ತು. ಒತ್ತಿದ ಮೇಲೆ ಗೂಗಲ್‌ನಲ್ಲಿ ಮಾತ್ರ ಇದೆ. ಮುಂಚೆ ಬ್ಯಾಕಪ್ ಆಗಿದ್ದದ್ದೇ ಈಗ ಇರುವ ಏಕೈಕ ಪ್ರತಿ. ಅದಕ್ಕೆ ಬ್ಯಾಕಪ್ ಎಲ್ಲಿದೆ? ಎಲ್ಲೂ ಇಲ್ಲ. ದುಡ್ಡು ಕೊಟ್ಟು ಜಾಗ ತಗೊಂಡು, ಬಟನ್ ಒತ್ತಿ, ಮತ್ತೆ ಒಂದೇ ಪ್ರತಿಗೆ ಬಂದು ನಿಂತಿರುತ್ತೀರಿ, ಆದರೆ ಮನಸ್ಸಿನಲ್ಲಿ ಬ್ಯಾಕಪ್ ಇದೆ ಅನ್ನುವ ಧೈರ್ಯ ಬೇರೆ.

ಇದರ ಜೊತೆಗೆ ಅಳಿಸುವ ಗೊಂದಲ. ಈ ಆ್ಯಪ್ ಒಳಗೆ ಫೋಟೋ ಡಿಲೀಟ್ ಮಾಡಿದರೆ ಫೋನಿನಿಂದಲೂ ಹೋಗುತ್ತದೆ, ಕ್ಲೌಡ್‌ನಿಂದಲೂ ಹೋಗುತ್ತದೆ. ‘ಮೇಲೆ ಹೇಗೂ ಇದೆಯಲ್ಲ’ ಅಂತ ಅಳಿಸುವವರು ಎರಡೂ ಕಡೆ ಅಳಿಸಿರುತ್ತಾರೆ. ಬ್ಯಾಕಪ್ ಆದದ್ದು ಕಸದ ಬುಟ್ಟಿಯಲ್ಲಿ 60 ದಿನ ಇರುತ್ತದೆ, ಅಷ್ಟರಲ್ಲಿ ನೆನಪಾದರೆ ವಾಪಸ್ ಸಿಗುತ್ತದೆ, ಇಲ್ಲದಿದ್ದರೆ ಇಲ್ಲ. ಜಾತ್ರೆಯಲ್ಲಿ ತೆಗೆದ ಫೋಟೋ ಕಾಣಿಸ್ತಿಲ್ಲ ಅಂತ ನಮ್ಮ ಮನೆಯವರಿಗೆ ಗೊತ್ತಾಗುವುದು ಮುಂದಿನ ವರ್ಷದ ಜಾತ್ರೆಗೆ.

ಮತ್ತೆ ಅಕೌಂಟೇ ಕೈತಪ್ಪಿದರೆ? ಪಾಸ್‌ವರ್ಡ್ ಮರೆತು, ಒಟಿಪಿ ಬರಬೇಕಾದ ಹಳೇ ಸಿಮ್ ರೀಚಾರ್ಜ್ ಇಲ್ಲದೆ ಬಂದ್ ಆಗಿದ್ದರೆ ಒಳಗೆ ಹೋಗುವುದೇ ಕಷ್ಟ. ಎರಡು ಹಂತದ ಲಾಗಿನ್ ಇಟ್ಟವರಿಗೆ ಗೂಗಲ್ ಒಟಿಪಿ ಬದಲು ಬಳಸೋಕೆ ಹತ್ತು ಬ್ಯಾಕಪ್ ಕೋಡ್ ಕೊಡುತ್ತದೆ, ಒಂದೊಂದೂ 8 ಅಂಕಿ. ಅದನ್ನು ಪ್ರಿಂಟ್ ತೆಗೆದು ಎಲ್‌ಐಸಿ ಬಾಂಡ್ ಇಡುವ ಫೈಲಿನಲ್ಲೇ ಇಡಿ. ಎರಡು ವರ್ಷ ಯಾರೂ ಮುಟ್ಟದ ಅಕೌಂಟನ್ನು ಗೂಗಲ್ ಅಳಿಸಿಹಾಕಬಹುದು ಅನ್ನುವ ನಿಯಮವೂ 2023ರಲ್ಲಿ ಬಂದಿದೆ. ತೀರಿಕೊಂಡವರ ಫೋಟೋಗಳು ಅವರ ಅಕೌಂಟಲ್ಲೇ ಉಳಿದಿರುವ ಮನೆಗಳು ಎಷ್ಟಿಲ್ಲ? ‘ಇನ್‌ಆ್ಯಕ್ಟಿವ್ ಅಕೌಂಟ್ ಮ್ಯಾನೇಜರ್’ ಅಂತ ಒಂದು ಸೌಲಭ್ಯ ಇದೆ. ಇಷ್ಟು ತಿಂಗಳು ಅಕೌಂಟ್ ಬಳಸದಿದ್ದರೆ ಇಂಥವರಿಗೆ ಡೇಟಾ ಕೊಡಿ ಅಂತ ಮೊದಲೇ ಬರೆದಿಡಬಹುದು. ಹಿರಿಯರ ಹತ್ತಿರ ಈ ಮಾತು ಎತ್ತುವುದು ಸ್ವಲ್ಪ ಮುಜುಗರವೇ, ಆದರೂ ಎತ್ತಿ.

ಕ್ಲೌಡ್ ಅಂದರೂ ಕೊನೆಗೆ ಎಲ್ಲೋ ಒಂದು ಕಟ್ಟಡದಲ್ಲಿರುವ ಕಂಪ್ಯೂಟರೇ. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್‌ನಲ್ಲಿ ಸರ್ಕಾರಿ ಡೇಟಾ ಸೆಂಟರಿಗೆ ಬೆಂಕಿ ಬಿತ್ತು. ಲಿಥಿಯಂ ಬ್ಯಾಟರಿಯಿಂದ ಶುರುವಾದ ಬೆಂಕಿ. ಸರ್ಕಾರಿ ನೌಕರರು ಕಡತ ಇಡುತ್ತಿದ್ದ ಜಿ-ಡ್ರೈವ್ (ಗೂಗಲ್‌ನದ್ದಲ್ಲ, ಅವರ ಸರ್ಕಾರದ್ದೇ) ಅನ್ನುವ ವ್ಯವಸ್ಥೆಯೇ ಹೋಯಿತು, 858 ಟೆರಾಬೈಟ್ (ಟಿಬಿ; ಒಂದು ಟಿಬಿ ಅಂದರೆ ಸುಮಾರು ಸಾವಿರ ಜಿಬಿ). ಗಾತ್ರ ತುಂಬಾ ದೊಡ್ಡದು ಅಂತ ಅದಕ್ಕೆ ಹೊರಗೆ ಬ್ಯಾಕಪ್ ಇಟ್ಟಿರಲಿಲ್ಲವಂತೆ. ಇಂಟರ್ನೆಟ್‌ನಲ್ಲಿ ನಮಗಿಂತ ಎಷ್ಟೋ ಮುಂದಿರುವ ದೇಶ ಅದು. ಗೂಗಲ್ ಇಷ್ಟು ಅಜಾಗರೂಕತೆ ಮಾಡಲಿಕ್ಕಿಲ್ಲ, ಒಪ್ಪುತ್ತೇನೆ. ಆದರೆ ಕಂಪನಿ ಸೇವೆಯನ್ನೇ ನಿಲ್ಲಿಸಬಹುದಲ್ಲ? ಗೂಗಲ್‌ನದ್ದೇ ಸೋಷಿಯಲ್ ನೆಟ್‌ವರ್ಕ್ ಆರ್ಕುಟ್ ನೆನಪಿದೆಯಾ? 2014ರ ಸೆಪ್ಟೆಂಬರ್ 30ಕ್ಕೆ ಮುಚ್ಚಿತು. ಫೋಟೋ ಇಳಿಸಿಕೊಳ್ಳೋಕೆ ಆಮೇಲೂ ಸಮಯ ಕೊಟ್ಟಿದ್ದರು, ಎಷ್ಟು ಜನ ಇಳಿಸಿಕೊಂಡರು ಹೇಳಿ.

ಹಾಗಾಗಿ ಎರಡನೇ ಪ್ರತಿ ನಿಮ್ಮ ಕೈಯಲ್ಲೇ ಇರಬೇಕು. ಫೋಟೋಗ್ರಾಫರ್ ಪೀಟರ್ ಕ್ರೋಗ್ ಜನಪ್ರಿಯ ಮಾಡಿದ 3-2-1 ಅನ್ನುವ ಲೆಕ್ಕ ಇದೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಜಾಗದಲ್ಲಿ. ಫೋನ್, ಗೂಗಲ್, ಒಂದು ಹಾರ್ಡ್ ಡಿಸ್ಕ್. ಮುಗೀತು. ಸಾಮಾನ್ಯ ಮನೆಗೆ ಇದಕ್ಕಿಂತ ದೊಡ್ಡ ಏರ್ಪಾಡು ಬೇಡ.

ಗೂಗಲ್‌ನಿಂದ ಎಲ್ಲವನ್ನೂ ಕೆಳಗೆ ಇಳಿಸೋಕೆ ಟೇಕ್‌ಔಟ್ ಅಂತ ಇದೆ. ನನಗೆ ಈ ಸೇವೆಯಲ್ಲಿ ಅತಿ ಕಡಿಮೆ ಇಷ್ಟವಾದ ಭಾಗ ಇದೇ. ಕೇಳಿದ ತಕ್ಷಣ ಕೊಡುವುದಿಲ್ಲ, ಸಿದ್ಧ ಮಾಡಿ ಮೇಲ್ ಕಳಿಸುತ್ತದೆ, ಆ ಲಿಂಕ್ ಒಂದು ವಾರ ಮಾತ್ರ ಇರುತ್ತದೆ. ಫೋಟೋಗಳು ಜಿಪ್ ಕಟ್ಟುಗಳಾಗಿ ಬರುತ್ತವೆ. ಗಾತ್ರ 50 ಜಿಬಿ ಅಂತ ಆರಿಸಿಕೊಂಡರೆ ಕಟ್ಟುಗಳ ಸಂಖ್ಯೆ ಕಡಿಮೆ, ಆದರೆ ನೆಟ್ ಮಧ್ಯೆ ಕೈಕೊಟ್ಟರೆ ಮತ್ತೆ ಮೊದಲಿಂದ, ಹಾಗಾಗಿ ನಮ್ಮ ಊರುಗಳ ನೆಟ್‌ಗೆ 10 ಜಿಬಿ ಒಳ್ಳೆಯದು. ಬಿಚ್ಚಿ ನೋಡಿದರೆ ಫೋಟೋ ಪಕ್ಕದಲ್ಲೇ ಜೇಸನ್ ಅನ್ನುವ ಪುಟ್ಟ ಫೈಲುಗಳ ಹಿಂಡು. ನೀವು ಗೂಗಲ್ ಫೋಟೋಸ್ ಒಳಗೆ ತಿದ್ದಿದ ದಿನಾಂಕ, ಬರೆದ ವಿವರಣೆ ಎಲ್ಲ ಅದರಲ್ಲಿರುತ್ತದೆ, ಫೋಟೋದಲ್ಲಿ ಇರುವುದಿಲ್ಲ. ಸಿಟ್ಟು ಬಂದು ಅವನ್ನು ಅಳಿಸಬೇಡಿ, ಹಾಗೇ ಇರಲಿ. ವಾಟ್ಸಾಪ್‌ನಿಂದ ಬಂದ ಫೋಟೋಗಳಿಗೆ ತೆಗೆದ ದಿನಾಂಕದ ಗುರುತು ಉಳಿದಿರುವುದಿಲ್ಲ, ಆದರೆ ಫೈಲಿನ ಹೆಸರಲ್ಲೇ ಬಂದ ವರ್ಷ, ತಿಂಗಳು, ದಿನ ಅಂಟಿಕೊಂಡಿರುತ್ತದೆ. ಹೆಸರಿನ ಪ್ರಕಾರ ಜೋಡಿಸಿದರೆ ಸರಿಯಾಗಿ ಕೂರುತ್ತವೆ. ಎರಡು ತಿಂಗಳಿಗೊಮ್ಮೆ ತಾನೇ ಸಿದ್ಧ ಮಾಡಿ ಕಳಿಸಲಿ ಅಂತ ಒಂದು ವರ್ಷಕ್ಕೆ ಹೇಳಿಡಬಹುದು. ನೆನಪಿಡುವ ಕೆಲಸ ತಪ್ಪುತ್ತದೆ, ಇಳಿಸುವ ಕೆಲಸ ನಿಮ್ಮದೇ.

ಡಿಸ್ಕ್ ಯಾವುದು? ಡಬ್ಲ್ಯುಡಿ, ಸೀಗೇಟ್, ತೋಷಿಬಾ, ಯಾವುದಾದರೂ ಸರಿ, ಬಿಲ್ ಕೊಡುವ ಅಂಗಡಿಯಲ್ಲಿ ತಗೊಳ್ಳಿ. ವರ್ಷದಲ್ಲಿ ನಾಲ್ಕು ಸಲ ಹೊರಗೆ ತೆಗೆದು ಉಳಿದ ಸಮಯ ಬೀರುವಿನಲ್ಲಿಡುವವರಿಗೆ ಎಸ್‌ಎಸ್‌ಡಿಗಿಂತ (ತಿರುಗುವ ಭಾಗವಿಲ್ಲದೆ ಚಿಪ್‌ನಲ್ಲಿ ಡೇಟಾ ಇಡುವ ಡಿಸ್ಕ್) ಹಳೇ ಕಾಲದ ತಿರುಗುವ ಹಾರ್ಡ್ ಡಿಸ್ಕೇ ವಾಸಿ. ಎಸ್‌ಎಸ್‌ಡಿ ತುಂಬಾ ಕಾಲ ಕರೆಂಟ್ ಇಲ್ಲದೆ ಬಿದ್ದಿದ್ದರೆ ಒಳಗಿನ ಚಾರ್ಜ್ ಸೋರಿ ಡೇಟಾ ಕೆಡಬಹುದು. ಹಾರ್ಡ್ ಡಿಸ್ಕಿಗೆ ಆ ತೊಂದರೆ ಇಲ್ಲ, ಕೆಳಗೆ ಬೀಳಿಸಬಾರದು ಅಷ್ಟೇ. ಕೆಲಸ ಮುಗಿದ ಮೇಲೆ ಕೇಬಲ್ ಕೀಳಿ. ಕಂಪ್ಯೂಟರಿಗೆ ರ‍್ಯಾನ್ಸಮ್‌ವೇರ್ ಅನ್ನುವ, ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್ ಹೊಕ್ಕರೆ ಸಿಕ್ಕಿಸಿಟ್ಟ ಡಿಸ್ಕನ್ನೂ ಬಿಡುವುದಿಲ್ಲ. ನಮ್ಮದೊಂದು ಡಿಸ್ಕ್ ಊರಲ್ಲಿ ಅಣ್ಣನ ಮನೆಯಲ್ಲಿದೆ, ಹಬ್ಬಕ್ಕೆ ಹೋದಾಗ ಅದಕ್ಕೂ ಹೊಸದು ತುಂಬಿಸಿ ಬರುವುದು ರೂಢಿ.

ಇಷ್ಟು ಹೇಳಿದ ಮೇಲೆ ಪೆನ್‌ಡ್ರೈವ್ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ಫುಟ್‌ಪಾತಿನಲ್ಲೂ ಆನ್‌ಲೈನಿನಲ್ಲೂ ಕೆಲವೇ ನೂರು ರೂಪಾಯಿಗೆ 2 ಟಿಬಿ ಅಂತ ಮಾರುವ ಪೆನ್‌ಡ್ರೈವ್‌ಗಳು ಕಳ್ಳಮಾಲು. ಒಳಗಿರುವುದು ಸಣ್ಣ ಚಿಪ್, ಕಂಪ್ಯೂಟರಿಗೆ 2 ಟಿಬಿ ಅಂತ ಸುಳ್ಳು ಹೇಳುವ ಹಾಗೆ ಮಾಡಿರುತ್ತಾರೆ. ಕಾಪಿ ಆಗುತ್ತದೆ, ಹೆಸರುಗಳೂ ಕಾಣುತ್ತವೆ, ತೆರೆದರೆ ಏನೂ ಇಲ್ಲ. ಅನುಮಾನ ಇದ್ದರೆ ಎಚ್2ಟೆಸ್ಟ್‌ಡಬ್ಲ್ಯು ಅನ್ನುವ ಪುಕ್ಕಟೆ ಪ್ರೋಗ್ರಾಂ ಓಡಿಸಿ, ನಿಜವಾದ ಜಾಗ ಎಷ್ಟು ಅಂತ ಬಯಲಾಗುತ್ತದೆ. ಒಳ್ಳೇ ಡಿಸ್ಕ್ ಆದರೂ ಕಾಪಿ ಮಾಡಿದ ಮೇಲೆ ಹತ್ತಾರು ಫೈಲ್ ತೆರೆದು ನೋಡಿ, ಒಂದೆರಡು ವಿಡಿಯೋ ಕೊನೆಯವರೆಗೆ ಓಡಿಸಿ.

‘ನುಡಿ’, ‘ಬರಹ’ ಅನ್ನುವ ಕನ್ನಡ ಸಾಫ್ಟ್‌ವೇರ್‌ಗಳಲ್ಲಿ ಟೈಪ್ ಮಾಡಿದ ಹಳೇ ಫೈಲುಗಳಿರುವವರು ಗಮನಿಸಿ. ಯೂನಿಕೋಡ್ (ಎಲ್ಲಾ ಫೋನ್, ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತ) ಬಳಕೆಗೆ ಬರುವ ಮುಂಚೆ ಟೈಪ್ ಮಾಡಿದ್ದನ್ನು ಡ್ರೈವ್‌ಗೆ ಹಾಕಿ ಫೋನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತದೆ. ಫೈಲ್ ಕೆಟ್ಟಿದೆ ಅಂತ ಅಳಿಸಿಬಿಡುತ್ತಾರೆ. ಕೆಟ್ಟಿಲ್ಲ, ಆ ಫಾಂಟ್ ಇಲ್ಲ ಅಷ್ಟೇ. ಅಪ್ಪನ ಹಳೇ ಲೇಖನಗಳೆಲ್ಲ ಇಂಥವೇ. ಯೂನಿಕೋಡ್‌ಗೆ ಬದಲಾಯಿಸಿದ ಪ್ರತಿ ಒಂದು, ಮೂಲ ಫೈಲ್ ಒಂದು, ಜೊತೆಗೆ ಆ ಫಾಂಟ್ ಫೈಲ್, ಮೂರನ್ನೂ ಒಂದೇ ಫೋಲ್ಡರಲ್ಲಿ ಇಟ್ಟಿದ್ದೇನೆ. ಬದಲಾಯಿಸುವಾಗ ಒತ್ತಕ್ಷರ, ಅರ್ಕಾವತ್ತು ಅಲ್ಲಲ್ಲಿ ಎಡವಟ್ಟಾಗುತ್ತವೆ, ಅದಕ್ಕೇ ಮೂಲವನ್ನು ಬಿಸಾಡಬಾರದು.

ಪುಕ್ಕಟೆ ಆಫರ್ ಇರುವಾಗ 130 ರೂಪಾಯಿ ಯಾಕೆ ಅಂತ ಕೇಳುವವರೂ ಇದ್ದಾರೆ. ಏರ್‌ಟೆಲ್ 2025ರ ಮೇ ತಿಂಗಳಲ್ಲಿ ಪೋಸ್ಟ್‌ಪೇಯ್ಡ್ ಮತ್ತು ವೈಫೈ ಗ್ರಾಹಕರಿಗೆ ಇದೇ 100 ಜಿಬಿಯನ್ನು ಆರು ತಿಂಗಳು ಪುಕ್ಕಟೆ ಅಂತ ಕೊಟ್ಟಿತು. ಜಿಯೋ ಅಕ್ಟೋಬರ್ ಕೊನೆಯಲ್ಲಿ ಗೂಗಲ್‌ನ ಎಐ ಪ್ಲಾನಿನ ಜೊತೆ 2 ಟಿಬಿಯನ್ನು 18 ತಿಂಗಳಿಗೆ ಅಂತು. ಸಿಕ್ಕರೆ ತಗೊಳ್ಳಿ, ಬೇಡ ಅನ್ನಬೇಡಿ. ಆದರೆ 2 ಟಿಬಿ ಇದೆ ಅಂತ ಕಂಡಿದ್ದನ್ನೆಲ್ಲ ತುಂಬಿಸಿದರೆ ಅವಧಿ ಮುಗಿದ ದಿನ ನೀವು 15 ಜಿಬಿಗೆ ವಾಪಸ್, ಆಗ ದೊಡ್ಡ ಪ್ಲಾನಿಗೆ ದುಡ್ಡು ಕಟ್ಟಬೇಕು ಇಲ್ಲವೇ ಎಲ್ಲವನ್ನೂ ಇಳಿಸಿಕೊಂಡು ಖಾಲಿ ಮಾಡಬೇಕು. ಮಿತಿ ಮೀರಿದ ಅಕೌಂಟನ್ನು ಎರಡು ವರ್ಷ ಹಾಗೇ ಬಿಟ್ಟರೆ ಒಳಗಿರುವುದನ್ನು ಅಳಿಸುವ ಹಕ್ಕು ಗೂಗಲ್‌ಗೆ ಇದೆ.

ಐಫೋನಿನವರಿಗೂ ಕತೆ ಇದೇ. ಐಕ್ಲೌಡ್ ಪುಕ್ಕಟೆ 5 ಜಿಬಿ ಮಾತ್ರ, 50 ಜಿಬಿಗೆ ತಿಂಗಳಿಗೆ 75 ರೂಪಾಯಿ, 200 ಜಿಬಿಗೆ 219. ಅಲ್ಲೂ ಒಂದು ಕಡೆ ಅಳಿಸಿದರೆ ಎಲ್ಲಾ ಕಡೆ ಹೋಗುತ್ತದೆ.

ನನ್ನ ಸ್ಟಾರ್ ಐದಕ್ಕೆ ನಾಲ್ಕು. ಇನ್ನೊಂದನ್ನು ಟೇಕ್‌ಔಟ್ ಸರಿಮಾಡಿದ ದಿನ ಕೊಡುತ್ತೇನೆ.