ಕಲ್ಲುಗೋಡೆ ಮನೆಗೆ ವೈಫೈ: ರಿಪೀಟರ್, ಮೆಶ್, ಹಳೇ ರೂಟರ್ ಮೂರೂ ಹಾಕಿ ನೋಡಿದೆ

ಮೊದಲೇ ಹೇಳಿಬಿಡುತ್ತೇನೆ. ಅಟ್ಟದ ಮೇಲೆ ಬಿದ್ದಿದ್ದ ಹಳೇ ರೂಟರ್, ಜೊತೆಗೆ 25 ಮೀಟರ್ ಲ್ಯಾನ್ ಕೇಬಲ್. ಹಾಲ್‌ನ ವೈಫೈಯನ್ನು ಹಿಂದಿನ ರೂಮಿಗೆ ಮುಟ್ಟಿಸಲು ನಮ್ಮ ಮನೆಗೆ ಸರಿಹೋಗಿದ್ದು ಇದೇ. ಶುರುವಿನಲ್ಲೇ ಇದನ್ನು ಮಾಡಿದ್ದರೆ ರಿಪೀಟರ್‌ಗೆ (ರೂಟರ್‌ನ ಸಿಗ್ನಲ್ ಹಿಡಿದು ಮುಂದಕ್ಕೆ ಹರಡುವ ಪೆಟ್ಟಿಗೆ) ಕೊಟ್ಟ 1,600 ರೂಪಾಯಿ ಉಳಿಯುತ್ತಿತ್ತು, ಎರಡು ದಿನದ ಕೆಲಸವೂ ಕೆಡುತ್ತಿರಲಿಲ್ಲ. ರಿಪೀಟರ್, ಮೆಶ್ (ಸೇರಿ ಒಂದೇ ವೈಫೈ ಆಗಿ ಕೆಲಸ ಮಾಡುವ ಪೆಟ್ಟಿಗೆಗಳು), ಕೇಬಲ್ ಮೂರನ್ನೂ ಒಂದೇ ಮನೆಯಲ್ಲಿ ಹಾಕಿ ನೋಡಿದ್ದರಿಂದ ಯಾವುದು ಎಲ್ಲಿ ಕೈಕೊಟ್ಟಿತು ಅಂತ ಬರೆಯುತ್ತಿದ್ದೇನೆ.

ಮನೆ ಹೇಗಿದೆ ಅಂತ ಹೇಳದಿದ್ದರೆ ಉಳಿದಿದ್ದು ಅರ್ಥವಾಗುವುದಿಲ್ಲ. ಕೋಲಾರದಲ್ಲಿ ಟೇಕಲ್ ರಸ್ತೆ ಕಡೆ ನಮ್ಮ ಮನೆ. ಮುಂದಿನ ಭಾಗ ಇಟ್ಟಿಗೆ, ಮೇಲೆ ಆರ್‌ಸಿಸಿ. ಹಿಂದಿನ ಎರಡು ರೂಮು ಮತ್ತು ಅಡುಗೆಮನೆ ತಾತ ಕಟ್ಟಿಸಿದ್ದು. ಒಂದೂವರೆ ಅಡಿ ದಪ್ಪದ ಕಲ್ಲುಗೋಡೆ, ಮೇಲೆ ಕಲ್ಲು ಚಪ್ಪಡಿ. ನಮ್ಮ ಕಡೆ ಹಳೇ ಮನೆಗಳು ಎಷ್ಟೋ ಹೀಗೇ ಇವೆ. ಏಪ್ರಿಲ್‌ನಲ್ಲೂ ಒಳಗೆ ತಣ್ಣಗಿರುತ್ತದೆ, ಆದರೆ ವೈಫೈ ಮಾತ್ರ ದಾಟುವುದಿಲ್ಲ. ನೆಟ್‌ನವರು ಫೈಬರ್ ತಂದು ಹಾಲ್‌ನಲ್ಲಿ ಬಾಗಿಲ ಪಕ್ಕ ರೂಟರ್ ಹಾಕಿ ಹೋದರು. ರೂಟರ್ ಎರಡು ಬಗೆಯ ಸಿಗ್ನಲ್ ಕೊಡುತ್ತದೆ, ಅಲ್ಲಿಂದ ಹಿಂದಿನ ರೂಮಿಗೆ ವೇಗದ 5 ಗಿಗಾಹರ್ಟ್ಸ್ ಬರುವುದೇ ಇಲ್ಲ. ನಿಧಾನದ, ಆದರೆ ಗೋಡೆ ಹೆಚ್ಚು ದಾಟುವ 2.4 ಬರುತ್ತದೆ, ಅದೂ ಇದ್ದೂ ಇಲ್ಲದ ಹಾಗೆ.

ಹಿಂದಿನ ರೂಮಿನಲ್ಲೇ ನೆಟ್ ಬೇಕಾಗಿರುವುದು. ನಾನು ವಾರಕ್ಕೆ ಮೂರು ದಿನ ಅಲ್ಲಿ ಕೂತು ಬೆಂಗಳೂರಿನ ಆಫೀಸಿನ ಕೆಲಸ ಮಾಡುತ್ತೇನೆ. ಇನ್ನೊಂದು ರೂಮು ಅಪ್ಪನದು. ಅವರದು ಟೊಮೆಟೊ ವ್ಯಾಪಾರ. ಬೆಳಗ್ಗೆ ಎದ್ದ ತಕ್ಷಣ 15 ಕೆಜಿ ಬಾಕ್ಸಿಗೆ ರೇಟ್ ಎಷ್ಟಾಗಿದೆ, ಯಾರು ಯಾವ ಮಾಲಿನ ಫೋಟೊ ಹಾಕಿದ್ದಾರೆ ಅಂತ ಹಾಸಿಗೆ ಮೇಲೇ ಕೂತು ನೋಡಬೇಕು.

ಎಲ್ಲರೂ ಮಾಡುವ ಹಾಗೆ ನಾನೂ ಮೊದಲು ರಿಪೀಟರ್ ತಂದೆ. ಗೋಡೆಯ ಪ್ಲಗ್ಗಿಗೆ ಸಿಗಿಸುವಂಥದ್ದು. ರೂಟರ್‌ನ ಡಬ್ಲ್ಯುಪಿಎಸ್ ಬಟನ್ ಒತ್ತಿ, ಎರಡು ನಿಮಿಷದೊಳಗೆ ರಿಪೀಟರ್‌ನದನ್ನೂ ಒತ್ತಿದರೆ ಮುಗಿಯಿತು. ಪಾಸ್‌ವರ್ಡ್ ಟೈಪ್ ಮಾಡುವ ಕೆಲಸವೇ ಇಲ್ಲ. ಹಸಿರು ದೀಪ ಬಂತು. ಹಾಲ್‌ನಲ್ಲಿ 90 ಎಂಬಿಪಿಎಸ್ ಬರುತ್ತಿದ್ದದ್ದು ಹಿಂದೆ 20ರ ಆಸುಪಾಸು ಬರುತ್ತಿತ್ತು. ಕಡಿಮೆ ಯಾಕೆ ಅಂದರೆ ಆ ಬೆಲೆಯ ರಿಪೀಟರ್ ಒಂದೇ ರೇಡಿಯೊದಲ್ಲಿ ರೂಟರ್ ಹತ್ತಿರವೂ ಮಾತಾಡಬೇಕು, ಫೋನ್ ಹತ್ತಿರವೂ ಮಾತಾಡಬೇಕು. ಅರ್ಧ ಸ್ಪೀಡ್ ಅಲ್ಲೇ ಹೋಗುತ್ತದೆ, ಮಿಕ್ಕಿದ್ದರಲ್ಲಿ ಗೋಡೆ ಒಂದಷ್ಟು ತಿನ್ನುತ್ತದೆ. ಆದರೂ 20 ಸಾಕಿತ್ತು. ಮೂರು ತಿಂಗಳು ಯಾವ ತೊಂದರೆಯೂ ಇರಲಿಲ್ಲ.

ತೊಂದರೆ ಶುರುವಾಗಿದ್ದು ನಾನು ಪಾಸ್‌ವರ್ಡ್ ಬದಲಿಸಿದ ದಿನ.

ಅಪ್ಪ ಯಾರು ಕೇಳಿದರೂ ಪಾಸ್‌ವರ್ಡ್ ಕೊಡುತ್ತಾರೆ. ಅದು ಅವರ ಫೋನ್ ನಂಬರೇ ಆಗಿತ್ತು, ಕೇಳದಿದ್ದರೂ ಅರ್ಧ ಬೀದಿಗೆ ಗೊತ್ತು. ಒಂದು ಸಂಜೆ ಮೀಟಿಂಗ್ ಮಧ್ಯೆ ಎಲ್ಲಾ ನಿಂತುಹೋಯಿತು. ರೂಟರ್‌ನ ಸೆಟ್ಟಿಂಗ್ ಪೇಜ್ 192.168.1.1 ತೆರೆದು ನೋಡಿದರೆ 19 ಸಾಧನ ಸೇರಿಕೊಂಡಿವೆ, ನಮ್ಮವು ಏಳು. ಆಗಲೇ ಪಾಸ್‌ವರ್ಡ್ ಬದಲಿಸಿದೆ. ಅದೇ ಪೇಜಿನಲ್ಲಿ ಭದ್ರತೆ ಅಂತ ಇದ್ದ ಕಡೆ ಡಬ್ಲ್ಯುಪಿಎ3 ಕಾಣಿಸಿತು, ಹೊಸದು ಒಳ್ಳೆಯದಲ್ವಾ ಅಂತ ಅದನ್ನೇ ಹಾಕಿದೆ. ನನ್ನ ಫೋನಿಗೆ, ಲ್ಯಾಪ್‌ಟಾಪಿಗೆ ಹೊಸ ಪಾಸ್‌ವರ್ಡ್ ಕೊಟ್ಟು ಹಾಲ್‌ನಲ್ಲೇ ನೋಡಿದೆ. ಎಲ್ಲಾ ಚೆನ್ನಾಗಿ ಬಂತು. ಮಲಗಿದೆ.

ಬೆಳಗ್ಗೆ ಅಪ್ಪ ಕೂಗಿದರು. "ಸಿಗ್ನಲ್ ಫುಲ್ ಇದೆ ನೋಡಮ್ಮ, ಒಂದು ಫೋಟೊನೂ ತೆರೀತಿಲ್ಲ." ನಿಜವಾಗಿಯೂ ಫುಲ್ ಇತ್ತು. ಕೆಳಗೆ ಸಣ್ಣದಾಗಿ, ಕನೆಕ್ಟ್ ಆಗಿದೆ, ಇಂಟರ್ನೆಟ್ ಇಲ್ಲ ಅಂತ ಬರೆದಿತ್ತು. ನಾನು ಫೋನ್ ಆಫ್ ಮಾಡಿ ಆನ್ ಮಾಡಿದೆ. ನೆಟ್‌ವರ್ಕ್ ಮರೆಸಿ ಮತ್ತೆ ಸೇರಿಸಿದೆ. ಹೊಸ ಪಾಸ್‌ವರ್ಡ್ ತಪ್ಪು ಅನ್ನುತ್ತದೆ, ಹಳೇದು ಹಾಕಿದರೆ ಒಳಗೆ ಬಿಡುತ್ತದೆ, ಆದರೆ ನೆಟ್ ಇಲ್ಲ. ಪಾಸ್‌ವರ್ಡ್ ಬದಲಾಗಲೇ ಇಲ್ವಾ, ಅರ್ಧ ಬದಲಾಯಿತಾ ಅಂತ ತಲೆ ಕೆಟ್ಟುಹೋಯಿತು. ನೆಟ್‌ನವರಿಗೆ ಫೋನ್ ಮಾಡಿದೆ. ಮಾರನೇ ದಿನ ಹುಡುಗ ಬಂದ, ಹಾಲ್‌ನಲ್ಲಿ ನಿಂತು ಸ್ಪೀಡ್ ತೋರಿಸಿದ. "ಲೈನ್ ಚೆನ್ನಾಗಿದೆ ಅಕ್ಕ, ಒಳಗಡೆದೇ ಏನೋ ನೋಡಿ" ಅಂತ ಹೋದ. ಅವನು ಹೇಳಿದ್ದು ಸರಿಯೇ.

ಒಳಗಡೆ ಆಗಿದ್ದು ಇಷ್ಟು. ರಿಪೀಟರ್ ಕೂಡ ರೂಟರ್‌ಗೆ ಒಂದು ಫೋನ್ ಇದ್ದ ಹಾಗೇ. ಅದಕ್ಕೂ ಪಾಸ್‌ವರ್ಡ್ ಗೊತ್ತಿರಬೇಕು. ರೂಟರ್‌ನಲ್ಲಿ ಬದಲಿಸಿದಾಗ ಅದಕ್ಕೆ ಯಾರೂ ಹೇಳಲಿಲ್ಲ. ಅದು ಹಳೇ ಹೆಸರು, ಹಳೇ ಪಾಸ್‌ವರ್ಡ್ ಇಟ್ಟುಕೊಂಡು ತನ್ನ ವೈಫೈ ಹರಡುತ್ತಲೇ ಇತ್ತು. ಫೋನಿನಲ್ಲಿ ಕಾಣುವ ಸಿಗ್ನಲ್ ರಿಪೀಟರ್‌ಗೂ ಫೋನಿಗೂ ಮಧ್ಯದ್ದು. ರಿಪೀಟರ್‌ಗೂ ರೂಟರ್‌ಗೂ ಮಧ್ಯೆ ಏನಾಗಿದೆ ಅಂತ ಅದು ತೋರಿಸುವುದಿಲ್ಲ. ಅದನ್ನು ತೋರಿಸುವುದು ರಿಪೀಟರ್‌ನ ಮೇಲಿನ ದೀಪ, ಅದೋ ಫ್ರಿಜ್ ಹಿಂದಿನ ಪ್ಲಗ್ಗಿನಲ್ಲಿತ್ತು. ಎರಡನೇ ದಿನ ಸಂಜೆ ಫ್ರಿಜ್ ಸರಿಸಿ ನೋಡಿದರೆ ಕೆಂಪು.

ಸರಿ, ಮತ್ತೆ ಡಬ್ಲ್ಯುಪಿಎಸ್ ಬಟನ್ ಒತ್ತಿದೆ. ಆಗಲಿಲ್ಲ. ಡಬ್ಲ್ಯುಪಿಎ3 ಮಾತ್ರ ಇದ್ದ ಕಡೆ ಡಬ್ಲ್ಯುಪಿಎಸ್ ನಡೆಯುವುದಿಲ್ಲ ಅನ್ನುವುದು ನನಗೆ ಆಮೇಲೆ ತಿಳಿಯಿತು. ಅದೂ ಅಲ್ಲದೆ ಆ ರಿಪೀಟರ್‌ಗೆ ಡಬ್ಲ್ಯುಪಿಎ3 ಬರುವುದೇ ಇಲ್ಲ, ಹಾಗಾಗಿ ಸರಿಯಾದ ಪಾಸ್‌ವರ್ಡ್ ಕೊಟ್ಟಿದ್ದರೂ ಸೇರುತ್ತಿರಲಿಲ್ಲ. ರೂಟರ್‌ನಲ್ಲಿ ಡಬ್ಲ್ಯುಪಿಎ2ಗೆ ಇಳಿಸಿದೆ. ರಿಪೀಟರ್‌ನ ಸಣ್ಣ ತೂತಿಗೆ ಪಿನ್ ಹಾಕಿ ಹತ್ತು ಸೆಕೆಂಡ್ ಒತ್ತಿ ರೀಸೆಟ್ ಮಾಡಿದೆ. ಅದರ ಹಿಂದಿನ ಸ್ಟಿಕ್ಕರ್‌ನಲ್ಲಿದ್ದ ವಿಳಾಸವನ್ನು ಫೋನಿನಲ್ಲಿ ತೆರೆಯಲು ಹೋದರೆ ಪೇಜ್ ಬರುವುದಿಲ್ಲ. ರಿಪೀಟರ್‌ನ ವೈಫೈನಲ್ಲಿ ಇಂಟರ್ನೆಟ್ ಇಲ್ಲ ಅಂತ ಗೊತ್ತಾದ ಕೂಡಲೇ ಫೋನ್ ತಾನಾಗೇ ಮೊಬೈಲ್ ಡೇಟಾಗೆ ಹಾರಿಬಿಡುತ್ತದೆ. ಡೇಟಾ ಆಫ್ ಮಾಡಿದ ಮೇಲೆ ಪೇಜ್ ಬಂತು.

ಪಾಸ್‌ವರ್ಡ್ ಟೈಪ್ ಮಾಡಿ ಸೇವ್ ಕೊಟ್ಟೆ. ಕೆಂಪು. ಮತ್ತೆ ಹಾಕಿದೆ. ಕೆಂಪು. ತಪ್ಪು ಅಂತಲೂ ಹೇಳುವುದಿಲ್ಲ, ಸೇವ್ ಆಯಿತು ಅಂತ ಮಾತ್ರ ಬರುತ್ತದೆ. ನಾಲ್ಕನೇ ಸಲ ಆ ಜಾಗದ ಪಕ್ಕದ ಕಣ್ಣಿನ ಗುರುತು ಒತ್ತಿ ಒಂದೊಂದೇ ಅಕ್ಷರ ಓದಿದೆ. ನನ್ನ ಪಾಸ್‌ವರ್ಡ್ ಶುರುವಾಗುವುದು ಸಣ್ಣ ಅಕ್ಷರದ 'ಕೆ'ಯಿಂದ. ಅಲ್ಲಿ ದೊಡ್ಡ 'ಕೆ' ಇತ್ತು. ಫೋನಿನ ಕೀಬೋರ್ಡ್ ಮೊದಲ ಅಕ್ಷರವನ್ನು ತಾನೇ ದೊಡ್ಡದು ಮಾಡಿತ್ತು. ಇನ್ನೂ ಒಂದಿದೆ: ಮೇಲೆ ತೋರಿಸುವ ಪದವನ್ನು ಒತ್ತಿ ಆರಿಸಿಕೊಂಡರೆ ಕೊನೆಯಲ್ಲಿ ಒಂದು ಖಾಲಿ ಜಾಗವೂ ಸೇರಿಕೊಳ್ಳುತ್ತದೆ, ಅದು ಕಣ್ಣಿಗೇ ಕಾಣುವುದಿಲ್ಲ. ಪಾಸ್‌ವರ್ಡ್ ಸರಿ ಇದ್ದರೂ ತಪ್ಪು ಅಂತ ಬರುತ್ತಿದ್ದರೆ ದಯವಿಟ್ಟು ಈ ಎರಡನ್ನು ಮೊದಲು ನೋಡಿ. ಸಣ್ಣ 'ಕೆ' ಹಾಕಿದೆ, ಅರ್ಧ ನಿಮಿಷದಲ್ಲಿ ಹಸಿರು ಬಂತು. ಆಗ ರಾತ್ರಿ ಹನ್ನೊಂದೂವರೆ.

ಅವತ್ತೇ ತೀರ್ಮಾನ ಮಾಡಿದೆ, ಪಾಸ್‌ವರ್ಡ್ ನೆನಪಿಟ್ಟುಕೊಳ್ಳಬೇಕಾದ ಪೆಟ್ಟಿಗೆ ಗೋಡೆಯ ಮಧ್ಯೆ ಬೇಡ ಅಂತ.

ಮೆಶ್ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಅದು ಕೆಟ್ಟದ್ದೂ ಅಲ್ಲ. ಬಂಗಾರಪೇಟೆಯಲ್ಲಿ ಅಕ್ಕನ ಮನೆಯಲ್ಲಿದೆ, ಭಾವ ಒಂದು ವಾರಕ್ಕೆ ಕೊಟ್ಟಿದ್ದರು. ಎರಡು ಪೆಟ್ಟಿಗೆ, ಒಂದೇ ಹೆಸರು, ಒಂದೇ ಪಾಸ್‌ವರ್ಡ್. ಆ್ಯಪ್‌ನಲ್ಲಿ ಪಾಸ್‌ವರ್ಡ್ ಬದಲಿಸಿದರೆ ಎರಡನೇ ಪೆಟ್ಟಿಗೆಗೆ ತಾನೇ ತಿಳಿಸುತ್ತದೆ. ನಾನು ಬೇಕಂತಲೇ ಎರಡು ಸಲ ಬದಲಿಸಿ ನೋಡಿದೆ, ಒಂದು ಸಲವೂ ಕೈಕೊಡಲಿಲ್ಲ. ಈ ವಿಷಯದಲ್ಲಿ ರಿಪೀಟರ್ ಇದರ ಹತ್ತಿರಕ್ಕೂ ಬರುವುದಿಲ್ಲ. ಆದರೆ ಪೆಟ್ಟಿಗೆ ಪೆಟ್ಟಿಗೆ ಮಧ್ಯೆ ಹೋಗುವುದೂ ಗಾಳಿಯಲ್ಲೇ ತಾನೇ? ನಮ್ಮ ಕಲ್ಲುಗೋಡೆ ಅದನ್ನೂ ಬಿಡಲಿಲ್ಲ. ಬಾಗಿಲಿನ ನೇರಕ್ಕೆ ಇಟ್ಟರೆ 50 ಎಂಬಿಪಿಎಸ್, ಬಾಗಿಲು ಹಾಕಿಕೊಂಡರೆ ಕಡಿಮೆ, ಅಡುಗೆಮನೆ ಕಡೆ ಸರಿಸಿದರೆ ಆಗಾಗ ಕಟ್. ಎರಡರ ಮಧ್ಯೆ ಕೇಬಲ್ ಎಳೆದರೆ ಸರಿಹೋಗುತ್ತದೆ ಅಂತ ಅದರ ಆ್ಯಪ್ಪೇ ಹೇಳಿತು. ಕೇಬಲ್ ಎಳೆಯಲೇಬೇಕು ಅಂದರೆ 7,500 ರೂಪಾಯಿ ಯಾಕೆ ಕೊಡಲಿ? ಅಕ್ಕನದು ಇಟ್ಟಿಗೆ ಮನೆ, ಮಹಡಿಗೂ ಕೆಳಗೂ ಒಂದೊಂದು ಇಟ್ಟಿದ್ದಾರೆ, ಅಲ್ಲಿ ನೋಡಬೇಕು ಅದರ ಚೆಂದ.

ಮೊಬೈಲ್ ಹಾಟ್‌ಸ್ಪಾಟ್ ಎರಡು ದಿನದ ಪರದಾಟಕ್ಕೆ ಆಯಿತು, ಅಷ್ಟೇ.

ಇನ್ನು ಕೇಬಲ್. ಕಲ್ಲುಗೋಡೆ ಕೊರೆಸಬೇಕಲ್ಲ ಅಂತ ಇಷ್ಟು ದಿನ ಹಿಂಜರಿದಿದ್ದೆ. ಟೆರೇಸ್ ಮೇಲಿಂದ ಇಳಿಸೋಣ ಅಂದರೆ ಅಂತರಗಂಗೆ ಬೆಟ್ಟದ ಕಡೆಯಿಂದ ಬರುವ ಕೋತಿಗಳು ಡಿಶ್ ವೈರನ್ನೇ ಉಳಿಸಿಲ್ಲ. ದಾರಿ ತೋರಿಸಿದ್ದು ಅಮ್ಮ. "ಗವಾಕ್ಷಿ ಇದೆಯಲ್ಲ, ಅದರಲ್ಲಿ ತೂರಿಸೋಕೆ ಆಗಲ್ವಾ?" ಅಂದರು. ಹಾಲ್‌ಗೂ ಹಿಂದಿನ ರೂಮಿಗೂ ಮಧ್ಯೆ, ಚಪ್ಪಡಿಯ ಕೆಳಗೆ, ಅಂಗೈ ಅಗಲದ ಗವಾಕ್ಷಿ. ಹಿಂದೆ ಒಲೆ ಇದ್ದ ಕಾಲದ ಮಸಿ ಇನ್ನೂ ಅದರ ಅಂಚಿಗೆ ಅಂಟಿಕೊಂಡಿತ್ತು. ವೈರಿಂಗ್ ಹುಡುಗ ಕೇಬಲ್ ತುದಿಯನ್ನು ಕೋಲಿಗೆ ಕಟ್ಟಿ ಆ ಕಡೆಯಿಂದ ತಳ್ಳಿದ, ನಾನು ಏಣಿ ಹತ್ತಿ ಈ ಕಡೆ ಎಳೆದುಕೊಂಡೆ. ಕೈ ಪೂರ್ತಿ ಕಪ್ಪಾಯಿತು. ಒಂದು ತೂತೂ ಕೊರೆಯದೆ ಕೇಬಲ್ ಒಳಗೆ ಬಂತು. ಕೇಬಲ್, ಜಾಕ್, ಕೂಲಿ ಎಲ್ಲಾ ಸೇರಿ 750 ರೂಪಾಯಿ.

ಜಾಕ್ ಕೂರಿಸುವಾಗ ಎಂಟೂ ಎಳೆ ಹಾಕಿಸಿ. ನಾಲ್ಕೇ ಹಾಕಿದರೂ ನಡೆಯುತ್ತದೆ, ಆದರೆ 100 ಎಂಬಿಪಿಎಸ್ ಮೇಲೆ ಹೋಗುವುದಿಲ್ಲ.

ಹಳೇ ರೂಟರ್‌ನ ಅಡ್ಮಿನ್ ಪಾಸ್‌ವರ್ಡ್ ಯಾರಿಗೂ ನೆನಪಿರಲಿಲ್ಲ, ಹಿಂದಿನ ತೂತಿಗೆ ಪಿನ್ ಹಾಕಿ ರೀಸೆಟ್ ಮಾಡಿದೆ. ಇದನ್ನು ಹಳೇದಕ್ಕೆ ಮಾತ್ರ ಮಾಡಿ. ಫೈಬರ್ ಬರುವ ಮುಖ್ಯ ರೂಟರ್‌ಗೆ ಮಾಡಿದರೆ ನೆಟ್‌ನವರು ಒಳಗೆ ಹಾಕಿರುವ ಲಾಗಿನ್ ಕೂಡ ಅಳಿಸಿಹೋಗಬಹುದು, ಮತ್ತೆ ಅವರು ಬರುವವರೆಗೂ ಕಾಯಬೇಕು. ಆಮೇಲೆ ಹಳೇದರಲ್ಲಿ ಮೂರು ಕೆಲಸ. ಮುಖ್ಯ ರೂಟರ್ 192.168.1.1 ಆಗಿದ್ದರಿಂದ ಇದಕ್ಕೆ 192.168.1.2 ಕೊಟ್ಟೆ. ವೈಫೈ ಹೆಸರು ಮತ್ತು ಪಾಸ್‌ವರ್ಡ್ ಎರಡರಲ್ಲೂ ಒಂದೇ ಇಟ್ಟೆ, ಒಂದಕ್ಕೊಂದು ಅಡ್ಡ ಬರದ ಹಾಗೆ ಮುಂದಿನದು ಚಾನೆಲ್ 1, ಹಿಂದಿನದು 11. ಮತ್ತೆ ಇದರ ಡಿಎಚ್‌ಸಿಪಿ, ಅಂದರೆ ಫೋನುಗಳಿಗೆ ವಿಳಾಸ ಹಂಚುವ ಕೆಲಸ, ಆಫ್ ಮಾಡಿದೆ. ಈ ಕೊನೆಯದನ್ನು ಮೊದಲ ದಿನ ಮರೆತಿದ್ದೆ. ಎರಡು ರೂಟರ್‌ಗಳೂ ಫೋನುಗಳಿಗೆ ವಿಳಾಸ ಹಂಚಲು ಹೋಗಿ ಕೆಲವಕ್ಕೆ ನೆಟ್ ಬಂತು, ಕೆಲವಕ್ಕೆ ಇಲ್ಲ. ಕೇಬಲ್ ಸಿಗಿಸಬೇಕಾದ್ದು ಎರಡು ಕಡೆಯೂ ಲ್ಯಾನ್ ಪೋರ್ಟಿಗೆ, ವ್ಯಾನ್ ಅಂತ ಬರೆದಿರುವ ಬೇರೆ ಬಣ್ಣದ ಪೋರ್ಟಿಗೆ ಅಲ್ಲ. ರೂಟರ್‌ನಲ್ಲಿ ಆ್ಯಕ್ಸೆಸ್ ಪಾಯಿಂಟ್ ಮೋಡ್ (ಕೇಬಲ್‌ನಲ್ಲಿ ಬಂದ ನೆಟ್ಟನ್ನು ವೈಫೈ ಆಗಿ ಹರಡುವುದಷ್ಟೇ) ಅಂತಲೇ ಇದ್ದರೆ ಇಷ್ಟೆಲ್ಲಾ ಬೇಕಿಲ್ಲ, ನನ್ನದರಲ್ಲಿ ಇರಲಿಲ್ಲ.

ಈಗ ಹಿಂದಿನ ರೂಮಿನಲ್ಲಿ ಮೇಜಿನ ಹತ್ತಿರ ವೈಫೈನಲ್ಲೇ 60 ದಾಟುತ್ತದೆ. ಲ್ಯಾಪ್‌ಟಾಪಿಗೆ ಅದೇ ರೂಟರ್‌ನಿಂದ ಇನ್ನೊಂದು ವೈರ್ ಕೊಟ್ಟರೆ ಹಾಲ್‌ನಲ್ಲಿ ಬರುವಷ್ಟೇ ಬರುತ್ತದೆ. ಕರೆಂಟ್ ಹೋದಾಗಲೂ ಇದೇ ವಾಸಿ. ರಿಪೀಟರ್ ನೇರ ಗೋಡೆ ಪ್ಲಗ್ಗಿಗೆ ಸಿಗಿಸುವಂಥದ್ದು, ರೂಟರ್‌ಗೆ ಇಡುವ ಪುಟ್ಟ ಯುಪಿಎಸ್ ಅದಕ್ಕೆ ಕೊಡಲು ಬರುವುದಿಲ್ಲ. ಹಳೇ ರೂಟರ್‌ಗೆ ಬರುತ್ತದೆ. ನನ್ನದು 9 ವೋಲ್ಟ್, ಹಾಗಾಗಿ 9 ಮತ್ತು 12 ಎರಡೂ ಇರುವ ಯುಪಿಎಸ್ ನೋಡಿ ತಂದೆ. ಆ ಖರ್ಚು ಬೇರೆ, ಅದನ್ನು 750ರಲ್ಲಿ ಸೇರಿಸಿಲ್ಲ.

ಕೊರತೆ ಒಂದಿದೆ. ಮುಂದಿನಿಂದ ಹಿಂದಕ್ಕೆ ಮಾತಾಡುತ್ತಾ ನಡೆದರೆ ವಾಟ್ಸಾಪ್ ಕಾಲ್ ಎರಡು ಸೆಕೆಂಡ್ ತಡವರಿಸುತ್ತದೆ, ಮೆಶ್‌ನಲ್ಲಿ ಹಾಗಾಗಲಿಲ್ಲ. ನಾನು ಕೂತು ಕೆಲಸ ಮಾಡುವವಳು, ನನಗೆ ಅದು ದೊಡ್ಡದಲ್ಲ. ಬಾಡಿಗೆ ಮನೆಯಲ್ಲಿದ್ದು, ವೈರ್ ಎಳೆಯಲು ಓನರ್ ಒಪ್ಪದಿದ್ದರೆ, ಮಧ್ಯೆ ಒಂದೇ ಇಟ್ಟಿಗೆ ಗೋಡೆ ಇದ್ದರೆ ರಿಪೀಟರ್ ಸಾಕು. ಆದರೆ ಅದರ ದೀಪ ಕಣ್ಣಿಗೆ ಕಾಣುವ ಕಡೆ ಇಡಿ. ಹೊಸ ಮನೆ ಕಟ್ಟಿಸುತ್ತಿರುವವರು ಗೋಡೆಯೊಳಗೆ ಲ್ಯಾನ್‌ಗೆ ಅಂತಲೇ ಒಂದು ಪೈಪ್ ಈಗಲೇ ಹಾಕಿಸಿ, ಆಮೇಲೆ ಏಣಿ ಹತ್ತಬೇಕಾಗಿಲ್ಲ.

ಹೋದ ತಿಂಗಳು ಮತ್ತೆ ಪಾಸ್‌ವರ್ಡ್ ಬದಲಿಸಿದೆ, ಅಪ್ಪ ಮತ್ತೆ ಇಬ್ಬರಿಗೆ ಕೊಟ್ಟಿದ್ದರು. 192.168.1.1 ತೆರೆದು ಒಂದು ಸಲ, 192.168.1.2 ತೆರೆದು ಇನ್ನೊಂದು ಸಲ. ಎರಡು ರೂಟರ್ ಮಧ್ಯೆ ಇರುವುದು ಕೇಬಲ್, ಅದಕ್ಕೆ ಪಾಸ್‌ವರ್ಡ್ ಬೇಡ. ಹಿಂದಿನದನ್ನು ಬದಲಿಸಲು ಮರೆತಿದ್ದರೂ ಅಲ್ಲಿ ಹಳೇ ಪಾಸ್‌ವರ್ಡ್‌ನಲ್ಲೇ ನೆಟ್ ಬರುತ್ತಿತ್ತು. ಹೊಸದನ್ನು ಚೀಟಿಯಲ್ಲಿ ಬರೆದು ಗೋಡೆ ಬೀರುವಿನ ಬಾಗಿಲ ಒಳಗಡೆ ಅಂಟಿಸಿದೆ, ಸಣ್ಣ 'ಕೆ' ಕೆಳಗೆ ಒಂದು ಗೆರೆ ಎಳೆದು. ನೆಂಟರು ಬಂದರೆ ಇನ್ನು ಮೇಲೆ ಫೋನಿನ ಕ್ಯೂಆರ್ ತೋರಿಸುವುದು ಅಂತ ಅಪ್ಪನ ಹತ್ತಿರ ಒಪ್ಪಿಸಿದ್ದೇನೆ.